ಲಿಬ್ರೆಎನ್‌ಎಂಎಸ್: ಗುರುತು ಹಿಡಿಯುವ ಬಗೆ

ನೆಟ್‌ವರ್ಕ್ ನಿಗಾ ತಂತ್ರಾಂಶವನ್ನು ಜನ ಅಳೆಯುವುದು ಹೆಚ್ಚಾಗಿ ಗ್ರಾಫುಗಳ ಅಂದದಿಂದ. ನಾನು ಮೊದಲು ನೋಡುವುದು ಬೇರೆ: ಎದುರಿಗಿರುವ ಪೆಟ್ಟಿಗೆ ಸ್ವಿಚ್ಚೋ, ಪ್ರಿಂಟರೋ, ಯುಪಿಎಸ್ಸೋ ಎಂಬುದು ಅದಕ್ಕೆ ಗೊತ್ತಾಗುತ್ತದೆಯೇ? ಇಲ್ಲಿ ಎಡವಿದರೆ ಮುಂದಿನ ಅಲರ್ಟು, ವರದಿ, ಲೆಕ್ಕ ಎಲ್ಲವೂ ದಾರಿ ತಪ್ಪುತ್ತವೆ. 2013ರಲ್ಲಿ ಅಬ್ಸರ್ವಿಯಂನಿಂದ ಕವಲೊಡೆದ ಮುಕ್ತ ತಂತ್ರಾಂಶ ಲಿಬ್ರೆಎನ್‌ಎಂಎಸ್ ಈ ಕೆಲಸದಲ್ಲಿ ಬಹುಪಾಲು ಗೆಲ್ಲುತ್ತದೆ. ಸೋತಾಗ ಮಾತ್ರ ಸೋತದ್ದು ಯಾರ ಕಣ್ಣಿಗೂ ಬೀಳುವುದಿಲ್ಲ.

ಅದರ ವಿಧಾನ ಸರಳ. ಎಸ್‌ಎನ್‌ಎಂಪಿ ಮೂಲಕ ಸಾಧನಕ್ಕೆ ಎರಡು ಪ್ರಶ್ನೆ ಕೇಳುತ್ತದೆ: ನಿನ್ನ ವಿವರಣೆ ಏನು, ನಿನ್ನ ಸಿಸ್‌ಆಬ್ಜೆಕ್ಟ್‌ಐಡಿ ಯಾವುದು? ಎರಡನೆಯ ಉತ್ತರದಲ್ಲಿ 1.3.6.1.4.1 ಆದಮೇಲೆ ಬರುವ ಅಂಕಿ ತಯಾರಕರದು. ಸಿಸ್ಕೋಗೆ 9, ಜೂನಿಪರ್‌ಗೆ 2636. ಆ ಉತ್ತರಗಳನ್ನು ಯಾಮಲ್ ಕಡತಗಳಲ್ಲಿರುವ ನಿಯಮಗಳ ಜೊತೆ ಹೋಲಿಸುತ್ತದೆ. ಪಿಎಚ್‌ಪಿ ಬಾರದವರೂ ಈ ಕಡತಗಳನ್ನು ಓದಿ ತಿದ್ದಬಹುದು. ಇದು ಆ ಯೋಜನೆಯ ದೊಡ್ಡ ಸಾಧನೆ ಎಂದೇ ನನ್ನ ಭಾವನೆ.

ತೊಂದರೆ ಇರುವುದು 8072.3.2.10ರಲ್ಲಿ. ಲಿನಕ್ಸ್ ಮೇಲೆ ಓಡುವ ನೆಟ್-ಎಸ್‌ಎನ್‌ಎಂಪಿ ತಾನಾಗಿ ಕೊಡುವ ಸಂಖ್ಯೆ ಇದು. ಸಂರಚನಾ ಕಡತದಲ್ಲಿ ಒಂದೇ ಸಾಲು ಸೇರಿಸಿದರೆ ತಯಾರಕರು ತಮ್ಮ ಸಂಖ್ಯೆ ಕೊಡಬಹುದು. ಎಷ್ಟೋ ಮಂದಿ ಆ ಗೋಜಿಗೇ ಹೋಗುವುದಿಲ್ಲ. ಹಾಗಾಗಿ ಯುಪಿಎಸ್‌ನ ಕಾರ್ಡು, ಕ್ಯಾಮೆರಾ ರೆಕಾರ್ಡರು, ಸಂಗ್ರಹ ಪೆಟ್ಟಿಗೆ ಎಲ್ಲವೂ ಬಂದು ನಿಲ್ಲುವುದು ‘ಲಿನಕ್ಸ್, ಸರ್ವರ್’ ಎಂಬ ಒಂದೇ ಸಾಲಿನಲ್ಲಿ. ತಯಾರಕರ ಸ್ವಂತ ಕೊಂಬೆಯಲ್ಲಿ ಇನ್ನೊಂದು ಪ್ರಶ್ನೆ ಕೇಳಿ ಸಾಧನವನ್ನು ಬೇರ್ಪಡಿಸುವ ಅನುಕೂಲ ನಿಯಮಗಳಲ್ಲಿ ಇದೆ. ಆದರೆ ಯಾರಾದರೂ ಆ ನಿಯಮ ಬರೆದಿರಬೇಕು.

ಯುಪಿಎಸ್ ಸರ್ವರ್ ಎನಿಸಿಕೊಂಡರೆ ಕೆಡುವುದು ಚಿಹ್ನೆಯೊಂದೇ ಅಲ್ಲ. ಬ್ಯಾಟರಿಯ ಉಳಿಕೆ, ಲೋಡು, ಇನ್‌ಪುಟ್ ವೋಲ್ಟೇಜು ತಿಳಿಸುವ ಪ್ರಮಾಣಿತ ಕೋಷ್ಟಕವನ್ನು ಆರ್‌ಎಫ್‌ಸಿ 1628 ಕೊಟ್ಟಿದೆ. ಗುರುತಿಸಿದ ವ್ಯವಸ್ಥೆಯ ಕಡತದಲ್ಲಿ ಅದಕ್ಕೆ ಅನುಮತಿ ಇದ್ದರಷ್ಟೇ ಲಿಬ್ರೆಎನ್‌ಎಂಎಸ್ ಆ ಕೋಷ್ಟಕವನ್ನು ಕೇಳುತ್ತದೆ. ಲಿನಕ್ಸ್ ಎಂದು ತೀರ್ಮಾನಿಸಿದ ಮೇಲೆ ಕೇಳುವುದಿಲ್ಲ. ಸಾಧನ ಹಸಿರಾಗಿಯೇ ಕಾಣುತ್ತದೆ, ಪ್ರೊಸೆಸರ್ ಗ್ರಾಫೂ ಬರುತ್ತದೆ, ಬ್ಯಾಟರಿ ಖಾಲಿಯಾಗುತ್ತಿರುವ ಸುದ್ದಿ ಮಾತ್ರ ಬರುವುದಿಲ್ಲ. ಸಾಧನದ ಪುಟದಲ್ಲಿ ವಿಧವನ್ನು ‘ಪವರ್’ ಎಂದು ಕೈಯಾರೆ ಬದಲಿಸಬಹುದು, ಎಷ್ಟೋ ನಿರ್ವಾಹಕರು ಅಷ್ಟಕ್ಕೇ ನಿಲ್ಲಿಸುತ್ತಾರೆ. ಅದರಿಂದ ಪಟ್ಟಿಯಲ್ಲಿ ಜಾಗ ಬದಲಾಗುತ್ತದೆ, ಓದುವ ಅಂಕಿಅಂಶ ಬದಲಾಗುವುದಿಲ್ಲ. ಅರ್ಧ ಪರಿಹಾರವೇ ಇಲ್ಲಿ ಹೆಚ್ಚು ಅಪಾಯಕಾರಿ, ಏಕೆಂದರೆ ಆಮೇಲೆ ಯಾರೂ ಅನುಮಾನ ಪಡುವುದಿಲ್ಲ.

ಸಿಸ್‌ಆಬ್ಜೆಕ್ಟ್‌ಐಡಿಯನ್ನು ಸಾಧನದ ಪುಟದಲ್ಲೇ ತೋರಿಸುವುದು ಒಳ್ಳೆಯದೇ. ಯಾವ ನಿಯಮ ತಾಳೆಯಾಯಿತು ಎಂದು ತಿಳಿಯಲು ಮಾತ್ರ ಡಿಬಗ್ ಔಟ್‌ಪುಟ್ ಜಾಲಾಡಬೇಕು. ವಿವರಣೆಯ ಪಠ್ಯವನ್ನೇ ನೆಚ್ಚಿದ ನಿಯಮಗಳು ಇನ್ನೂ ನಾಜೂಕು, ಫರ್ಮ್‌ವೇರ್ ನವೀಕರಣದಲ್ಲಿ ಒಂದು ಪದ ಬದಲಾದರೂ ಮುರಿಯುತ್ತವೆ.

ಹೊಸದಾಗಿ ಅಳವಡಿಸುವವರು ಮೊದಲು ಮಾಡಬೇಕಾದದ್ದು, ‘ಲಿನಕ್ಸ್’ ಮತ್ತು ‘ಜೆನೆರಿಕ್’ ಎಂದು ಬಂದ ಸಾಧನಗಳನ್ನು ಸೋಸಿ, ರ‍್ಯಾಕಿನ ಮುಂದೆ ನಿಂತು ಒಂದೊಂದಾಗಿ ತಾಳೆ ನೋಡುವುದು. ಹೊಂದದ ಪ್ರತಿ ಮಾದರಿಗೂ ನಿಯಮ ಬರೆದು ಮೂಲ ಯೋಜನೆಗೆ ಕಳಿಸಿದರೆ, ಅದೇ ಯುಪಿಎಸ್ ಕೊಂಡ ಇನ್ನೊಂದು ಊರಿನ ನಿರ್ವಾಹಕರಿಗೆ ಅದರ ಬ್ಯಾಟರಿ ಮೊದಲ ದಿನವೇ ಕಾಣುತ್ತದೆ.