‘ಬಿಕಾಸ್’ ಬಂದಲ್ಲಿ ಕಿವಿಗೊಡಿ
ಇಂಗ್ಲಿಷ್ ಕಲಿಯುವವರ ಅಭಿಪ್ರಾಯ ಪ್ಯಾರಾ: ರಸಿಕರಿಗೊಂದು ಕೈಪಿಡಿ

ಹೈಸ್ಕೂಲ್ ಹುಡುಗಿಯೊಬ್ಬಳ ನೋಟ್‌ಬುಕ್ಕಿನಲ್ಲಿ ಒಮ್ಮೆ ಎಂಟು ಸಾಲಿನ ಇಂಗ್ಲಿಷ್ ಪ್ಯಾರಾ ಓದಿದೆ. ವಿಷಯ: ಅವಳೂರಿಗೆ ಹೋಗುವ ಸಂಜೆಯ ಬಸ್ಸು. ಕೆಂಪು ಪೆನ್ನು ಆರು ಕಡೆ ಓಡಿತ್ತು. ಒಂದು ಕಡೆ ಸ್ಪೆಲ್ಲಿಂಗ್, ಎರಡು ಕಡೆ ಟೆನ್ಸ್, ಉಳಿದದ್ದೆಲ್ಲ ‘ಎ’ ಮತ್ತು ‘ದ’ಗಳ ಗೋಳು. ಕೊನೆಗೆ ಹತ್ತಕ್ಕೆ ಐದು. ಆದರೆ ಆ ಪ್ಯಾರಾ ಓದಿ ಮುಗಿಸುವಷ್ಟರಲ್ಲಿ ನಾನು ಅವಳ ಪಕ್ಷ ಸೇರಿಬಿಟ್ಟಿದ್ದೆ. ಓದುಗನನ್ನು ತನ್ನ ಕಡೆಗೆ ಎಳೆದುಕೊಳ್ಳುವುದಕ್ಕೇ ಹುಟ್ಟಿದ ಬರವಣಿಗೆ ಅಷ್ಟು ಮಾಡಿದ ಮೇಲೆ ಅದನ್ನು ಅರ್ಧ ಫೇಲ್ ಎನ್ನುವುದು ಹೇಗೆ?

ಈ ಪುಟ್ಟ ಪ್ರಕಾರವನ್ನು ಸವಿಯಬೇಕಾದರೆ ಮೊದಲು ನೋಡಬೇಕಾದ್ದು ಮೊದಲ ವಾಕ್ಯ. ಹುಡುಗಿ ಶುರುಮಾಡಿದ್ದು ಹೀಗೆ: ‘ದ ಈವ್ನಿಂಗ್ ಬಸ್ ಶುಡ್ ಲೀವ್ ಆಟ್ ಫೈವ್.’ ಸಂಜೆಯ ಬಸ್ಸು ಐದಕ್ಕೆ ಹೊರಡಬೇಕು. ಪೀಠಿಕೆಯಿಲ್ಲ, ಬಸ್ಸಿನ ಮಹತ್ವದ ಮೇಲೆ ಭಾಷಣವಿಲ್ಲ. ಪ್ಯಾರಾದ ವಿಷಯ ಮೊದಲ ವಾಕ್ಯದಲ್ಲೇ ತಿಳಿಯುವಂತಿರಲಿ ಎಂದು ಸ್ಕಾಟ್ಲೆಂಡಿನ ಅಲೆಗ್ಸಾಂಡರ್ ಬೇನ್ 1866ರಲ್ಲಿ ತಮ್ಮ ರಚನಾಶಾಸ್ತ್ರದ ಪುಸ್ತಕದಲ್ಲಿ ನಿಯಮ ಮಾಡಿದ್ದರು. ಇಂದಿಗೂ ಇಂಗ್ಲಿಷ್ ತರಗತಿಗಳಲ್ಲಿ ‘ಟಾಪಿಕ್ ಸೆಂಟೆನ್ಸ್’ ಎಂಬ ಹೆಸರಿನಲ್ಲಿ ಅದೇ ನಡೆಯುತ್ತಿದೆ.

ನಮ್ಮ ಮಕ್ಕಳಿಗೆ ಇದು ಸುಲಭವಲ್ಲ. ಕನ್ನಡದ ವಾಕ್ಯ ಕ್ರಿಯಾಪದವನ್ನು ಕೊನೆಯವರೆಗೆ ಕಾಯ್ದಿಡುತ್ತದೆ. ‘ಪರೀಕ್ಷೆ ಮುಂದೂಡುವುದು ಸರಿ ಎಂದು ನನಗೆ ಅನ್ನಿಸುವುದಿಲ್ಲ’ ಎಂಬಲ್ಲಿ ನನ್ನ ನಿಲುವು ಬಿಚ್ಚಿಕೊಳ್ಳುವುದು ಕಟ್ಟಕಡೆಯ ತುಣುಕಿನಲ್ಲಿ. ಇಂಗ್ಲಿಷಿನವರು ‘ಐ ಡೋಂಟ್ ಥಿಂಕ್’ ಎಂದು ಬಾಗಿಲಲ್ಲೇ ಹೇಳಿಬಿಡುತ್ತಾರೆ. ಹಿರಿಯರೆದುರು ‘ನನ್ನ ಅಭಿಪ್ರಾಯ ಇದು’ ಎಂದು ಮೊದಲೇ ಹೇಳುವುದು ನಮ್ಮಲ್ಲಿ ಉದ್ಧಟತನದಂತೆ ಕಾಣುವುದೂ ಉಂಟು. ಕುಶಲ ವಿಚಾರಿಸಿ, ಕಾಫಿ ಕುಡಿದು, ಆಮೇಲೆ ಬಂದ ಕೆಲಸ ಹೇಳುವ ಜನ ನಾವು. ಹಾಗಾಗಿ ಕನ್ನಡದ ಹುಡುಗನೊಬ್ಬ ಇಂಗ್ಲಿಷಿನಲ್ಲಿ ಮೊದಲ ಸಾಲಿಗೇ ತನ್ನ ನಿಲುವು ಇಟ್ಟಿದ್ದರೆ, ಅಲ್ಲಿ ಒಂದು ಧೈರ್ಯವಿದೆ. ಅದನ್ನು ಗುರುತಿಸಿ.

ಮುಂದಿನದು ನನಗೆ ಬಲು ಪ್ರಿಯವಾದ ಜಾಗ: ‘ಬಿಕಾಸ್’. ಪ್ಯಾರಾದ ಜೀವ ಇರುವುದು ಇಲ್ಲಿ. ‘ಬಸ್ ಐದಕ್ಕೆ ಹೊರಡಬೇಕು, ಏಕೆಂದರೆ ಅದು ಒಳ್ಳೆಯದು’ ಎಂದರೆ ಹೇಳಿದ್ದನ್ನೇ ಮತ್ತೆ ಹೇಳಿದ ಹಾಗೆ. ಆ ಹುಡುಗಿಯ ‘ಬಿಕಾಸ್’ ಹಾಗಿರಲಿಲ್ಲ. ಸ್ಪೆಷಲ್ ಕ್ಲಾಸ್ ಬಿಡುವುದು 4.45ಕ್ಕೆ, ಬಸ್ಸು ಹೊರಡುವುದು 4.30ಕ್ಕೆ. ಹದಿನೈದು ನಿಮಿಷದ ಆ ಕಂದಕವನ್ನು ಅವಳು ಬರೇ ಎರಡು ಅಂಕಿಗಳಲ್ಲಿ ತೋರಿಸಿದ್ದಳು. ಅದರ ಬೆನ್ನಿಗೇ ಉದಾಹರಣೆ: ಮಂಗಳವಾರ ಬಸ್ಸು ತಪ್ಪಿ ಮೂವರು ಹುಡುಗಿಯರು ನಾಲ್ಕು ಕಿಲೋಮೀಟರ್ ನಡೆದರು, ಮನೆ ಸೇರುವಾಗ ದೀಪ ಹಚ್ಚಿಯಾಗಿತ್ತು.

ನಮಗೆ ಈ ಕಟ್ಟಡ ಹೊಸದೇನಲ್ಲ. ನ್ಯಾಯದರ್ಶನ ವಾದಕ್ಕೆ ಐದು ಅವಯವಗಳನ್ನು ಹೇಳಿದೆ: ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ. ಬೆಟ್ಟದಲ್ಲಿ ಬೆಂಕಿಯಿದೆ, ಏಕೆಂದರೆ ಹೊಗೆ ಕಾಣುತ್ತಿದೆ, ಹೊಗೆಯಿದ್ದಲ್ಲಿ ಬೆಂಕಿಯಿರುವುದಕ್ಕೆ ಅಡುಗೆಮನೆಯೇ ಸಾಕ್ಷಿ. ಅನ್ನಂಭಟ್ಟನ ‘ತರ್ಕಸಂಗ್ರಹ’ ಓದಿದವರಿಗೆ ಈ ಬೆಟ್ಟವೂ ಗೊತ್ತು, ಈ ಅಡುಗೆಮನೆಯೂ ಗೊತ್ತು. ಗಮನಿಸಿ, ಇಲ್ಲೂ ಪ್ರತಿಜ್ಞೆಯೇ ಮೊದಲು! ಮಾತಿನಲ್ಲಿ ಸುತ್ತಿ ಬಳಸಿ ಹೋಗುವ ನಾವು ತರ್ಕಕ್ಕೆ ಕೂತಾಗ ನೇರವಾಗಿಯೇ ಶುರುಮಾಡಿದ್ದೇವೆ. ಇಂಗ್ಲಿಷಿನ ವಿಚಾರ ಸರಳರೇಖೆಯಲ್ಲಿ ಸಾಗುತ್ತದೆ, ಏಷ್ಯಾದವರದು ಸುರುಳಿ ಸುತ್ತುತ್ತದೆ ಎಂದು ಅಮೆರಿಕದ ರಾಬರ್ಟ್ ಕಪ್ಲಾನ್ 1966ರಲ್ಲಿ ಗೆರೆ ಎಳೆದು ತೋರಿಸಿದರು. ಅದಕ್ಕೆ ಬಂದ ಟೀಕೆಗಳು ನ್ಯಾಯವಾದವೇ ಎಂದು ನನಗನ್ನಿಸುತ್ತದೆ.

ಪೂರ್ವಪಕ್ಷವನ್ನೂ ಹುಡುಕಿ. ‘ಸಮ್ ಪೀಪಲ್ ಸೇ’ ಎಂದು ಶುರುವಾಗುವ ವಾಕ್ಯ ಅದು. ಪರೀಕ್ಷೆಗಾಗಿ ಉರುಹೊಡೆದವರು ಅಲ್ಲಿ ಜೊಳ್ಳು ಎದುರಾಳಿಯನ್ನು ನಿಲ್ಲಿಸಿ, ಒಂದೇ ಏಟಿಗೆ ಬೀಳಿಸಿ ಮುಂದೆ ಹೋಗುತ್ತಾರೆ. ನಮ್ಮ ಹುಡುಗಿ ಕರೆತಂದದ್ದು ನಿಜವಾದ ಎದುರಾಳಿಯನ್ನು: ಬಸ್ಸು ತಡವಾದರೆ ಊರಿಗೆ ಹೋಗಿ ಹಾಲು ಕರೆಯಬೇಕಾದವರು ಏನು ಮಾಡಬೇಕು? ಉತ್ತರವನ್ನೂ ಅವಳೇ ಕೊಟ್ಟಳು: ಬಸ್ಸಿನ ದಾರಿ 25 ನಿಮಿಷ, ಡೈರಿಗೆ ಹಾಲು ಹಾಕುವುದು ಆರೂವರೆಗೆ. ಹಾಲಿನವರ ಕಷ್ಟವನ್ನೂ ಎಣಿಸಿ ನೋಡಿದ್ದಾಳೆ ಎಂದು ತಿಳಿದಾಗಲೇ ನನಗೆ ಅವಳ ಮೇಲೆ ನಂಬಿಕೆ ಬಂದದ್ದು.

ಪದಗಳ ತೂಕವೂ ಒಂದು ರುಚಿ. ‘ಮಸ್ಟ್’, ‘ಶುಡ್’ ಎರಡಕ್ಕೂ ನಮ್ಮಲ್ಲಿ ಹೆಚ್ಚಾಗಿ ‘ಬೇಕು’ ಒಂದೇ ಸಾಕು, ಉಳಿದದ್ದನ್ನು ದನಿಯೇ ಹೇಳುತ್ತದೆ. ಇಂಗ್ಲಿಷ್ ಬರವಣಿಗೆಯಲ್ಲಿ ದನಿ ಕೇಳಿಸದು, ಪದವನ್ನೇ ಆರಿಸಬೇಕು. ‘ಮಸ್ಟ್’ ಅಪ್ಪಣೆಗೆ ಹತ್ತಿರ, ‘ಶುಡ್’ ಹಿತವಚನಕ್ಕೆ. ಡಿಪೋದವರನ್ನು ಕೇಳಿಕೊಳ್ಳುವ ಹುಡುಗಿ ‘ಶುಡ್’ ಎಂದು ಬರೆದದ್ದು ಎಷ್ಟು ಹದ! ಎಲ್ಲೆಡೆ ‘ಮಸ್ಟ್’ ಸುರಿಯುವವರ ಪ್ಯಾರಾ ಬೇಗ ದಣಿಸುತ್ತದೆ.

ವಿದೇಶಕ್ಕೆ ಹೋಗುವವರು ಬರೆಯುವ ಐಇಎಲ್‌ಟಿಎಸ್ ಪರೀಕ್ಷೆಯಲ್ಲಿ ಇದೇ ವಿದ್ಯೆಗೆ 40 ನಿಮಿಷ, ಕನಿಷ್ಠ 250 ಪದ. ಅದಕ್ಕೆಂದು ಸಿದ್ಧ ಸಾಲುಗಳನ್ನು ಮಾರುವ ಗೈಡುಗಳು ಬೇಕಾದಷ್ಟಿವೆ. ‘ಇಂದಿನ ಆಧುನಿಕ ಯುಗದಲ್ಲಿ’ ಎಂದು ಶುರುವಾದರೆ ಅದು ಗೈಡಿನ ಸಾಲೇ ಇರಬೇಕು. ಅದನ್ನು ದಾಟಿ, ಬರೆದವರ ಊರು ಕಾಣುವ ಮೊದಲ ವಾಕ್ಯದಿಂದ ಓದಿ.

ನಿಮ್ಮ ಮಗಳೋ ಪಕ್ಕದ ಮನೆಯ ಹುಡುಗನೋ ಇಂಥದೊಂದು ಪ್ಯಾರಾ ತಂದು ತೋರಿಸಿದರೆ, ದಯವಿಟ್ಟು ಪೆನ್ನು ಕೆಳಗಿಟ್ಟು ಒಮ್ಮೆ ಜೋರಾಗಿ ಓದಿ. ನಿಮಗೆ ಒಪ್ಪಿಗೆಯಾಯಿತೋ ಇಲ್ಲವೋ ಅದನ್ನು ಮೊದಲು ಹೇಳಿ. ಸ್ಪೆಲ್ಲಿಂಗ್ ಆಮೇಲೆ ನೋಡೋಣ.