ನೋವು ತಟ್ಟದ ದೇವರು, ನೋವುಂಡ ದೇವರು

ಹಿಂದೂ ಮತ್ತು ಕ್ರೈಸ್ತ ದೇವರ ಕಲ್ಪನೆಗಳನ್ನು ಹೋಲಿಸುವವರು ಸಾಮಾನ್ಯವಾಗಿ ಶಂಕರರ ನಿರ್ಗುಣ ಬ್ರಹ್ಮವನ್ನು ಬೈಬಲ್ಲಿನ ದೇವರ ಎದುರು ನಿಲ್ಲಿಸಿ ಕೈತೊಳೆದುಕೊಳ್ಳುತ್ತಾರೆ. ನಿಜವಾದ ಪರೀಕ್ಷೆ ಇರುವುದು ಉಡುಪಿಯ ಮಧ್ವಾಚಾರ್ಯರಲ್ಲಿ. ಗುಣಪೂರ್ಣನಾದ ಒಬ್ಬನೇ ಸರ್ವೋತ್ತಮ, ಅವನಿಂದ ಎಂದಿಗೂ ಬೇರೆಯಾದ ಜೀವ, ಪ್ರಸಾದವಿಲ್ಲದೆ ದಕ್ಕದ ಮೋಕ್ಷ, ನಡುವೆ ನಿಂತು ನಡೆಸುವ ವಾಯು, ಕೊನೆಯಿಲ್ಲದ ಅಂಧಂತಮಸ್ಸೆಂಬ ನರಕ: ಇಷ್ಟನ್ನು ಕಂಡ ಪಾಶ್ಚಾತ್ಯ ವಿದ್ವಾಂಸ ಗ್ರಿಯರ್ಸನ್ ಇಲ್ಲಿ ಕ್ರೈಸ್ತ ಪ್ರಭಾವವಿದೆ ಎಂದೇ ಬಗೆದರು. ಹೋಲಿಕೆ ಕಂಡಲ್ಲೆಲ್ಲ ಸಾಲ ಹುಡುಕುವುದು ಆ ಕಾಲದ ಚಾಳಿ. ಆದರೆ ಹೋಲಿಕೆಯ ಬುಡದಲ್ಲೇ ಒಂದು ಭೇದವಿದೆ. ಮಧ್ವರ ‘ತತ್ತ್ವಸಂಖ್ಯಾನ’ ಇರುವುದನ್ನೆಲ್ಲ ಸ್ವತಂತ್ರ, ಅಸ್ವತಂತ್ರ ಎಂದು ಎರಡಾಗಿ ವಿಂಗಡಿಸುತ್ತದೆ. ಜೀವರೂ ಪ್ರಕೃತಿಯೂ ಅಸ್ವತಂತ್ರ, ಆದರೆ ಅನಾದಿ. ಕ್ರೈಸ್ತರ ದೇವರಾದರೋ ಶೂನ್ಯದಿಂದ ಸೃಷ್ಟಿಸಿದವನು. ಉಳಿದ ಭೇದವೆಲ್ಲ ಇಲ್ಲಿಂದಲೇ ಕವಲೊಡೆಯುತ್ತದೆ ಎಂಬುದು ನನ್ನ ವಾದ.

ಜೀವರಂತೆ ಅವರ ಸಹಜ ಯೋಗ್ಯತೆಯೂ ಅನಾದಿಯಾದರೆ ಲೋಕದ ಕೇಡಿಗೆ ದೇವರನ್ನು ಹೊಣೆ ಮಾಡುವಂತಿಲ್ಲ. ಬ್ರಹ್ಮಸೂತ್ರದ ವೈಷಮ್ಯನೈರ್ಘೃಣ್ಯ ಅಧಿಕರಣವೂ ಪಕ್ಷಪಾತ, ನಿರ್ದಯೆಗಳ ಆರೋಪವನ್ನು ಕರ್ಮದ ಆಸರೆಯಲ್ಲೇ ತಳ್ಳಿಹಾಕುತ್ತದೆ. ಹೊಣೆಯಿಲ್ಲದವನು ದಂಡ ತೆರಬೇಕಿಲ್ಲ, ಅಳಬೇಕಿಲ್ಲ. ಅದಕ್ಕೇ ‘ಮಹಾಭಾರತ ತಾತ್ಪರ್ಯ ನಿರ್ಣಯ’ದಲ್ಲಿ ರಾವಣ ಕದ್ದೊಯ್ಯುವುದು ಸೀತೆಯ ಪ್ರತಿಕೃತಿಯನ್ನು, ಕಾಡಿನಲ್ಲಿ ರಾಮ ಗೋಳಾಡುವುದು ಬರಿಯ ನಟನೆ. ಗೆತ್ಸೆಮನೆ ತೋಟದಲ್ಲಿ ಬೆವರಿಳಿಸುತ್ತ ಪ್ರಾರ್ಥಿಸುವ ಯೇಸುವಿನ ಕಳವಳ ನಟನೆಯೆಂದರೆ ಮಾತ್ರ ಕ್ರೈಸ್ತಧರ್ಮವೇ ಕುಸಿಯುತ್ತದೆ. ಹಾಗೆಂದವರನ್ನು ಆದಿಸಭೆ ಪಾಷಂಡಿಗಳೆಂದು ಹೊರಗಿಟ್ಟಿತು. ಇಲ್ಲದ್ದನ್ನು ಇರುವಂತೆ ಮಾಡಿದವನು ಅದರ ಪಾಡಿನಿಂದ ದೂರ ನಿಲ್ಲಲಾರ.

ದೈವಸ್ವಭಾವಕ್ಕೆ ನೋವಿಲ್ಲವೆಂದು ಕ್ರೈಸ್ತ ಪಂಡಿತರೂ ಹೇಳುತ್ತಾರಲ್ಲ ಎನ್ನಬಹುದು. ನಿಜ, 451ರ ಕ್ಯಾಲ್ಸೆಡಾನ್ ಸಭೆ ಕ್ರಿಸ್ತನ ದೈವ, ಮಾನವ ಎಂಬ ಎರಡು ಸ್ವಭಾವಗಳನ್ನು ಬೆರೆಸದೆ ಉಳಿಸಿತು. ಆದರೆ ವ್ಯಕ್ತಿ ಒಬ್ಬನೇ ಎಂದೂ ಪಟ್ಟುಹಿಡಿಯಿತು. ಶಿಲುಬೆಯ ಮೇಲೆ ಬಾಯಾರಿದವನು ದೇವಪುತ್ರನೇ. ಕೇಡು ಬಂದದ್ದು ಮನುಷ್ಯನ ಸ್ವಾತಂತ್ರ್ಯದಿಂದ ಎಂಬ ಅಗಸ್ಟೀನನ ಸಮಾಧಾನವೂ ಅರ್ಧವೇ, ಆ ಸ್ವಾತಂತ್ರ್ಯ ಕೊಟ್ಟವನೂ ದೇವರೇ ತಾನೆ? ಇನ್ನು ಯಶೋದೆ ಒರಳಿಗೆ ಕಟ್ಟಿದ ಕೃಷ್ಣನನ್ನು ಮಧ್ವಮತದ ಹರಿದಾಸರು ಹಾಡಿ ಕುಣಿದಿಲ್ಲವೇ? ಹಾಡಿದ್ದಾರೆ, ಆದರೆ ಆ ಹಾಡಿನ ಸೊಗಸೆಲ್ಲ ಕಟ್ಟಲಾಗದವನು ಕಟ್ಟಿಸಿಕೊಂಡ ಬೆರಗಿನಲ್ಲಿದೆ. ಹಗ್ಗ ಅವನಿಗೆ ನೋಯುವುದಿಲ್ಲ.

ನೋವು ತಟ್ಟದ ಈ ದೇವರಿಗಾಗಿ ಮಧ್ವಮತ ತೆತ್ತ ಬೆಲೆ ಸಣ್ಣದಲ್ಲ. ತಮೋಯೋಗ್ಯರೆಂಬ, ಅಂದರೆ ಅಂಧಂತಮಸ್ಸಿಗೇ ತಕ್ಕ, ಜೀವರಿಗೆ ಎಂದಿಗೂ ಬಿಡುಗಡೆಯಿಲ್ಲ. ಇಂದಿನ ಓದುಗನಿಗೆ ಅದು ಕಠೋರವೇ. ಆದರೂ ಕಾಲ್ವಿನ್‌ನ ಪೂರ್ವನಿರ್ಣಯದ ಪಕ್ಕದಲ್ಲಿಟ್ಟರೆ ಮಧ್ವರ ನಿಲುವೇ ಹೆಚ್ಚು ಸುಸಂಗತ. ಅಲ್ಲಿ ದೇವರು ತಾನೇ ಸೃಷ್ಟಿಸಿದವರನ್ನು ತಾನೇ ನರಕಕ್ಕೆ ಗೊತ್ತುಮಾಡುತ್ತಾನೆ. ಇಲ್ಲಿ ಅವನು ಅವರವರ ಸ್ವಭಾವವನ್ನು ಹೊರಗೆಡಹುತ್ತಾನೆ, ಅಷ್ಟೆ.