ಬಿಸಿಲೂರಿನ ಹಿತ್ತಲ ಹೂವು

ರಾಯಚೂರು ಎಂದರೆ ಬಿಸಿಲು ಎನ್ನುವವರು ಇಲ್ಲಿನ ಮೇ ತಿಂಗಳ ಸಂಜೆಯನ್ನು ಕಂಡಿರಲಿಕ್ಕಿಲ್ಲ. ಹಗಲೆಲ್ಲ 40 ಡಿಗ್ರಿ ದಾಟಿ ಕಾದ ಹಿತ್ತಲಲ್ಲಿ ಹೊತ್ತು ಮುಳುಗುತ್ತಲೇ ದುಂಡು ಮಲ್ಲಿಗೆ ಬಿರಿಯತೊಡಗುತ್ತದೆ. ಆ ಗಿಡಕ್ಕೆ ಬಿಸಿಲೇ ಬಲ. ಚಳಿಗಾಲದಲ್ಲಿ ನೀರು ಕಡಿಮೆ ಮಾಡಿ ಕೊಂಬೆ ಸವರಿಬಿಟ್ಟರೆ ಮುಂದೆ ಚಿಗುರಿನ ತುದಿತುದಿಗೂ ಮೊಗ್ಗು. ಹೂವು ಹೊಸ ಚಿಗುರಿನದು, ಕತ್ತರಿಸಲು ಅಂಜಬಾರದು. ಮೊಗ್ಗು ಬೆಳ್ಳಗೆ ಉಬ್ಬಿದಾಗಲೇ ಬಿಡಿಸಿ ಕಟ್ಟಿದರೆ ರಾತ್ರಿ ಜಡೆಯಲ್ಲೇ ಅರಳುತ್ತದೆ. ಇದಕ್ಕಿಂತ ದೊಡ್ಡ ಸುಖ ಬೇಸಿಗೆಯಲ್ಲಿ ನನಗೆ ಗೊತ್ತಿಲ್ಲ.

ಆದರೆ ಗಿಡ ಹಚ್ಚುವ ಮುನ್ನ ಮಣ್ಣು ನೋಡಬೇಕು. ನಮ್ಮ ಜಿಲ್ಲೆಯ ದೇವದುರ್ಗ, ಮಾನ್ವಿ ಕಡೆಯ ಎರೆ ಮಣ್ಣು ಬೇಸಿಗೆಯಲ್ಲಿ ಬಾಯಿಬಿಡುತ್ತದೆ, ಮಳೆಗಾಲದಲ್ಲಿ ನೀರು ಹಿಡಿದು ಬೇರು ಕೊಳೆಸುತ್ತದೆ. ಮರಳು, ತಿಪ್ಪೆಗೊಬ್ಬರ ಬೆರೆಸಿ ಬುಡ ಏರಿಸಲೇಬೇಕು.

ಮಳೆ ಹಿಂದೆ ಸರಿಯುವಾಗ ಪಾರಿಜಾತದ ಸರದಿ. ನಸುಕಿನಲ್ಲಿ ನೋಡಬೇಕು: ನೆಲಕ್ಕೆ ಕವುಚಿ ಬಿದ್ದ ಬಿಳಿ ಎಸಳು, ಮೇಲಕ್ಕೆ ನಿಂತ ಕೇಸರಿ ತೊಟ್ಟು. ದಸರೆ, ದೀಪಾವಳಿಗೆ ಚೆಂಡು ಹೂವು. ಹಗಲು ಮೊಟಕಾದಂತೆ ಮೊಗ್ಗು ಕಟ್ಟುವ ಸೇವಂತಿಗೆ ಚಳಿಗೆ ಸರಿಯಾಗಿ ಅರಳುತ್ತದೆ. ಕಣಗಿಲೆಗೆ ನೀರಿನ ಹಂಗೂ ಕಡಿಮೆ, ಕಾಲದ ಹಂಗೂ ಕಡಿಮೆ. ಆದರೆ ಅದರ ಹಾಲು ವಿಷ. ಎಳೆಮಕ್ಕಳಿರುವ ಮನೆಯಲ್ಲಿ ಅದನ್ನು ದೂರದ ಬೇಲಿಗೆ ಹಚ್ಚಿ.